ಅಜ್ಜಿಯ ಸೆರಗಿನಿಂದ ಅಪ್ಪನಿಗೊಂದು ಪಾಕೀಟು: ಹೊಲಿದು ಗೊತ್ತಿರುವವರು ಹೇಳಿ

ಡೊಂಬಿವಲಿಯಿಂದ ಕೇಳಿದ್ದು:

ಬರುವ ತಿಂಗಳು ಅಪ್ಪನಿಗೆ ಅರವತ್ತು ತುಂಬುತ್ತದೆ. ಅವರ ಅಮ್ಮ ಉಡುತ್ತಿದ್ದ ಇಳಕಲ್ ಸೀರೆ ನನ್ನ ಹತ್ತಿರ ಇದೆ. ಮೈಯೆಲ್ಲ ಪಿಸಿದುಹೋಗಿದೆ, ಕೆಂಪು ಸೆರಗು ಮಾತ್ರ ಇನ್ನೂ ಚೆನ್ನಾಗಿದೆ. ಅದರಲ್ಲಿ ಅಪ್ಪನಿಗೆ ಎರಡು ಮಡಿಕೆಯ ಪಾಕೀಟು ಹೊಲಿದುಕೊಡಬೇಕೆಂದು ಆಸೆ. ಮನೆಯಲ್ಲಿ ಹಳೆಯ ಕಾಲಲ್ಲಿ ತುಳಿಯುವ ಮಷೀನಿದೆ, ನೇರ ಹೊಲಿಗೆ ಬರುತ್ತದೆ. ಬೇರೆ ಬಟ್ಟೆಯಲ್ಲಿ ಎರಡು ಸಲ ಮಾಡಿ ನೋಡಿದೆ. ಮೊದಲನೆಯದು ಮಡಚಿದರೂ ಬಾಯಿ ತೆರೆದುಕೊಂಡೇ ನಿಲ್ಲುತ್ತದೆ. ಎರಡನೆಯದಕ್ಕೆ ಅಪ್ಪನ ಹಳೆಯ ಪಾಕೀಟಿನ ಅಳತೆ ತೆಗೆದೆ, ಅದು ಈಗಿನ ಪ್ಯಾಂಟಿನ ಜೇಬಿಗೆ ಇಳಿಯುತ್ತಿಲ್ಲ. ಸೆರಗಿಗೆ ಕತ್ತರಿ ಹಾಕಲು ಕೈ ಬರುತ್ತಿಲ್ಲ. ಒಮ್ಮೆ ಕತ್ತರಿಸಿದರೆ ಮುಗಿಯಿತಲ್ಲ. ಹೊಲಿದವರು, ಬಳಸಿದವರು ದಯವಿಟ್ಟು ಹೇಳಿ.

ಮಾಟುಂಗಾದಿಂದ:

ಎರಡನೆಯದರ ಕಾರಣ ಸುಲಭ. ಆ ಪಾಕೀಟು 2016ಕ್ಕಿಂತ ಹಿಂದಿನದಿರಬೇಕು. ಆಗಿನ ಸಾವಿರದ ನೋಟು 177 ಮಿಲಿಮೀಟರ್ ಉದ್ದ, 73 ಅಗಲ. ಈಗಿನ ಐನೂರರ ನೋಟು 150 ಉದ್ದ, 66 ಅಗಲ. ಹಳೆಯ ನೂರರ ನೋಟು (157ಕ್ಕೆ 73) ಇನ್ನೂ ಕೈಗೆ ಬರುತ್ತಿರುತ್ತದೆ, ಅದಕ್ಕೂ ಜಾಗವಿರಲಿ. ಬಿಚ್ಚಿ ಹಾಸಿದಾಗ 21 ಸೆಂಟಿಮೀಟರ್ ಉದ್ದ, ಒಂಬತ್ತೂವರೆ ಎತ್ತರ ಬಂದರೆ ಸಾಕು. ಹೊಲಿಗೆಗೆ ಸುತ್ತಲೂ ಒಂದು ಸೆಂಟಿಮೀಟರ್ ಸೇರಿಸಿ 23ಕ್ಕೆ ಹನ್ನೊಂದೂವರೆ ಕತ್ತರಿಸಿ. ಬ್ಯಾಂಕಿನ ಕಾರ್ಡಾಗಲಿ ಪ್ಯಾನ್ ಕಾರ್ಡಾಗಲಿ 85.6ಕ್ಕೆ 54 ಮಿಲಿಮೀಟರ್. ಅದಕ್ಕೆ ಜೇಬಿನ ಒಳ ಅಗಲ ಒಂಬತ್ತೂಕಾಲು ಸೆಂಟಿಮೀಟರ್ ಇರಲಿ. ಒಂಬತ್ತಕ್ಕಿಂತ ಕಡಿಮೆ ಮಾಡಿದರೆ ಕಾರ್ಡು ಎಳೆಯಲು ಉಗುರು ಹಾಕಬೇಕಾಗುತ್ತದೆ.

ಮೊದಲನೆಯದು ಬಾಯಿ ಬಿಡುವುದು ಪದರ ಜಾಸ್ತಿಯಾಗಿ. ಬಟ್ಟೆಯ ಪಾಕೀಟು ಕೆಡುವುದೇ ಇಲ್ಲಿ. ನಾನು ಹನ್ನೆರಡಕ್ಕಿಂತ ಹೆಚ್ಚು ಹೊಲಿದಿದ್ದೇನೆ, ಮೊದಲ ನಾಲ್ಕೂ ಇಟ್ಟಿಗೆಯ ಹಾಗಿದ್ದವು. ಫ್ಯೂಸಿಂಗ್ (ಬಟ್ಟೆ ಗಟ್ಟಿಯಾಗಲು ಹಿಂದೆ ಇಸ್ತ್ರಿಯಿಂದ ಅಂಟಿಸುವ ಪದರ) ಹೊರಬಟ್ಟೆಗೆ ಮಾತ್ರ ಹಾಕಿ, ಕಾರ್ಡಿನ ಜೇಬುಗಳಿಗೆ ಬೇಡವೇ ಬೇಡ. ಅದನ್ನೂ ಹೊಲಿಗೆಯ ಅಂಚು ಬಿಟ್ಟು, ಒಳಗಿನ 21ಕ್ಕೆ ಒಂಬತ್ತೂವರೆ ಅಳತೆಗೇ ಕತ್ತರಿಸಿ. ಆಗ ಅಂಚಿನಲ್ಲಿ ಒಂದು ಪದರ ಕಡಿಮೆಯಾಗುತ್ತದೆ. ಜೇಬುಗಳಿಗೆ ಬ್ಲೌಸ್ ಲೈನಿಂಗಿನ ತೆಳು ಹತ್ತಿ ಬಟ್ಟೆ ಸಾಕು. ಒಂದೊಂದು ಜೇಬು ಬೇರೆ ಬೇರೆ ಕತ್ತರಿಸಬೇಡಿ. ಒಂದೇ ಉದ್ದ ಪಟ್ಟಿಯನ್ನು ಸೀರೆಯ ನಿರಿಗೆ ಹಿಡಿದ ಹಾಗೆ ಮೇಲೆ ಕೆಳಗೆ ಮಡಚಿ ಇಸ್ತ್ರಿ ಹಾಕಿ, ಒಂದರ ಅಂಚು ಇನ್ನೊಂದಕ್ಕಿಂತ ಒಂದೂಕಾಲು ಸೆಂಟಿಮೀಟರ್ ಕೆಳಗಿರಲಿ.

ಇನ್ನೊಂದು ಗುಟ್ಟು, ನನಗೆ ಅಂಗಡಿಯ ಪಾಕೀಟು ಬಿಚ್ಚಿದ ಮೇಲೆ ಗೊತ್ತಾಗಿದ್ದು. ಒಳಗಿನ ಭಾಗ ಹೊರಗಿನದಕ್ಕಿಂತ ಅರ್ಧ ಸೆಂಟಿಮೀಟರ್ ಗಿಡ್ಡ ಇರುತ್ತದೆ. ಎರಡೂ ಬದಿ ಸೇರಿಸಿ ಹೊಲಿದಾಗ ಹೊರಬಟ್ಟೆ ಚೂರು ಉಬ್ಬಿದಂತೆ ಕಾಣುತ್ತದೆ, ಹೆದರಬೇಡಿ, ಮಡಚಿದಾಗ ಸರಿಹೋಗುತ್ತದೆ. ಕೆಳಗಿನ ಅಂಚಿನಲ್ಲಿ ನಡುಮಡಿಕೆ ಬರುವ ಎರಡು ಸೆಂಟಿಮೀಟರ್ ಹೊಲಿಯದೆ ಬಿಡಿ.

ಪುಣೆಯಿಂದ, ಊರು ಧಾರವಾಡ:

ತಂಗಿ, ಕತ್ತರಿ ಹಾಕೂಕಿಂತ ಮೊದಲ ಸೆರಗನ್ನ ಕಿಡಕಿ ಬೆಳಕಿಗೆ ಹಿಡದು ನೋಡು. ಟ್ರಂಕಿನಾಗ ಮಡಿಚಿಟ್ಟ ಸೀರಿ ಮಡಿಕಿ ಮ್ಯಾಲೇ ಮೊದಲ ಸೀಳತದ. ಬೆಳಕು ಜಾಸ್ತಿ ತೂರಿ ಬರೂ ಕಡೆ ಎಳಿ ಸೊರಗ್ಯಾವ ಅಂತ ತಿಳಿ, ಅಲ್ಲಿಂದ ತಗೀಬ್ಯಾಡ. ಇಳಕಲ್ ಸೀರ್ಯಾಗ ಮೈ ಬ್ಯಾರೆ, ಸೆರಗು ಬ್ಯಾರೆ, ನಡಕ ಕೊಂಡಿ ಹಾಕಿ ಜೋಡಿಸಿರ್ತಾರ. ಆ ಜೋಡಣಿ ಗೆರಿ ಪಾಕೀಟಿನ ಮಡಿಕಿಗೆ ಬರಬಾರದು.

ಫ್ಯೂಸಿಂಗ್ ಹಚ್ಚೇ ಕತ್ತರಸು, ಕತ್ತರಿಸಿ ಹಚ್ಚಬ್ಯಾಡ. ಬರೇ ಸೆರಗು ಕತ್ತರಿಸಿದ್ರ ಎಳಿ ಎಲ್ಲಾ ಬಿಚ್ಚಿಕೊಂತ ಹೋಗತಾವ. ಸೆರಗು ರೇಶ್ಮೀನೋ ಅಲ್ಲೋ ಗೊತ್ತಾಗಬೇಕಂದ್ರ ತುದೀದು ಒಂದ ಎಳಿ ಸುಟ್ಟು ನೋಡು. ಕೂದಲ ಸುಟ್ಟ ವಾಸನಿ ಬಂದ್ರ ರೇಶ್ಮಿ, ಕಾಗದ ಸುಟ್ಟಂಗ ಇದ್ರ ರೇಯಾನು, ಕರಗಿ ಗಟ್ಟಿ ಮಣಿ ಆದ್ರ ಪಾಲಿಯೆಸ್ಟರು. ಮಣಿ ಆಗೂದಿದ್ರ ಇಸ್ತ್ರಿ ಭಾಳ ಸಣ್ಣ ಇಡು. ಯಾವುದಾದ್ರೂ ಮ್ಯಾಲೆ ಹತ್ತಿ ಅರಿವಿ ಹಾಸಿ ಒತ್ತಿ ಹಿಡಿ, ತಿಕ್ಕಬ್ಯಾಡ. ನಾ ನಮ್ಮವ್ವನ ಸೀರಿ ಮ್ಯಾಲೆ ತಿಕ್ಕಿದ್ದೆ, ಗೆರಿ ಎಲ್ಲಾ ಸೊಟ್ಟ ಆದ್ವು. ಇವತ್ತಿಗೂ ನೋಡಿದ್ರ ಹೊಟ್ಟಿ ಉರಿತದ.

ನಂದೊಂದ ಮಾತು ಕೇಳತೀ ಅಂದ್ರ, ಸೆರಗು ಹೊರಗ ಹಾಕಬ್ಯಾಡ. ಪ್ಯಾಂಟಿನ ಕಿಸೆದಾಗ ದಿನಾ ಉಜ್ಜಿ ಉಜ್ಜಿ ಮೂಲಿ ಮೊದಲ ಹರೀತದ. ಹೊರಗ ಗಟ್ಟಿ ಹತ್ತಿ ಬಟ್ಟಿ ಹಾಕು. ಇಲ್ಲೆ ರವಿವಾರ ಪೇಠದಾಗ ಫ್ಯೂಸಿಂಗ್, ದಾರ, ಗುಂಡಿ ಎಲ್ಲಾ ಸಿಗತಾವ. ನಿನಗ ಮುಂಬಯಿಯಾಗ ಭುಲೇಶ್ವರ, ಮಂಗಲದಾಸ್ ಮಾರ್ಕೆಟ್ ಅದಾವಲ್ಲ.

ಮುಲುಂಡ್‌ನಿಂದ:

ನನಗೆ ಹೊಲಿಯಲು ಬರುವುದಿಲ್ಲ. ಆದರೆ ಮಗಳು ಹೊಲಿದುಕೊಟ್ಟ ಬಟ್ಟೆಯ ಪಾಕೀಟನ್ನು ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ, ಆದ್ದರಿಂದ ಅಪ್ಪಂದಿರ ಕಡೆಯಿಂದ ಹೇಳುತ್ತೇನೆ. ಅವಳು ಮೊದಲು ಕೊಟ್ಟಿದ್ದರಲ್ಲಿ ಎಂಟು ಕಾರ್ಡಿನ ಜೇಬಿದ್ದವು. ನನ್ನ ಹತ್ತಿರ ಇರುವುದು ಮೂರೇ ಕಾರ್ಡು, ಒಂದು ಲೋಕಲ್ ಪಾಸು. ಖಾಲಿ ಜೇಬುಗಳ ದಪ್ಪವನ್ನು ಸುಮ್ಮನೆ ಹೊತ್ತು ತಿರುಗಿದೆ. ಅಪ್ಪ ಸ್ನಾನಕ್ಕೆ ಹೋದಾಗ ಅವರ ಪಾಕೀಟು ತೆರೆದು ಏನೇನಿದೆ ಎಣಿಸಿಕೊಳ್ಳಿ ಮಗಳೇ, ಅಷ್ಟಕ್ಕೇ ಹೊಲಿಯಿರಿ. ಚಿಲ್ಲರೆಗೆ ಜೇಬು ಬೇಡ. ನಾಣ್ಯ ಬಿದ್ದರೆ ಬಟ್ಟೆ ಜೋಲುತ್ತದೆ.

ಮಳೆಗಾಲದಲ್ಲಿ ಸ್ಟೇಷನ್ನಿಂದ ಮನೆಗೆ ಬರುವಷ್ಟರಲ್ಲಿ ನೋಟುಗಳು ಒದ್ದೆಯಾಗಿ ಅಂಟಿಕೊಳ್ಳುತ್ತಿದ್ದವು. ಎರಡನೆಯದನ್ನು ಹೊಲಿಯುವಾಗ ಮಗಳು ಮುರಿದ ಕೊಡೆಯ ಬಟ್ಟೆಯನ್ನು ಹೊರಬಟ್ಟೆಯ ಹಿಂದೆ ಕೊಟ್ಟಳು. ತೆಳು, ತೂಕವಿಲ್ಲ, ಒಳಗಿನದು ಬೇಗ ನೆನೆಯುವುದಿಲ್ಲ. ಸೂಜಿಯ ತೂತಿನಿಂದ ಸ್ವಲ್ಪ ನೀರು ಬಂದೇ ಬರುತ್ತದೆ, ಆದರೂ ವ್ಯತ್ಯಾಸ ದೊಡ್ಡದು.

ಠಾಣೆಯಿಂದ, ಟೈಲರಿಂಗ್ ಕೆಲಸದವರು:

ನಾಲ್ಕು ಪದರ ದಾಟಿದ ಮೇಲೆ 14ನೇ ನಂಬರ್ ಸೂಜಿ ತೆಗೆದು 16 ಹಾಕಿ. ಹೊಲಿಗೆ ಸ್ವಲ್ಪ ಉದ್ದ ಮಾಡಿ, ಮೂರು ಮಿಲಿಮೀಟರ್ ಹತ್ತಿರ. ದಪ್ಪದ ಅಂಚಿಗೆ ಬಂದಾಗ ಕಾಲು ತೆಗೆದು ಚಕ್ರವನ್ನು ಕೈಯಲ್ಲೇ ತಿರುಗಿಸಿ. ಮಷೀನಿನ ಪಾದ ಮುಂದೆ ಮೇಲಕ್ಕೆದ್ದು ಹೊಲಿಗೆ ಒಂದೇ ಕಡೆ ನಿಂತರೆ, ಅದೇ ದಪ್ಪಕ್ಕೆ ಮಡಚಿದ ಬಟ್ಟೆಯ ತುಂಡನ್ನು ಪಾದದ ಹಿಂಭಾಗದ ಕೆಳಗೆ ಇಡಿ. ಪಾದ ಸಮವಾಗಿ, ಬಟ್ಟೆ ಮುಂದೆ ಸರಿಯುತ್ತದೆ. ಗುಂಡುಸೂಜಿ ಚುಚ್ಚಬೇಡಿ, ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ. ತಿರುವಿದ ಮೇಲೆ ಮೂಲೆ ಗುಂಡಗಾದರೆ ಒಳಗಿನ ಅಂಚನ್ನು ಓರೆಯಾಗಿ ಕತ್ತರಿಸಿಲ್ಲ ಎಂದರ್ಥ.

ಮುಚ್ಚಲು ಏನೂ ಬೇಡ. ಮ್ಯಾಗ್ನೆಟ್ ಗುಂಡಿ ಕಾರ್ಡಿನ ಹಿಂದಿನ ಕಪ್ಪು ಪಟ್ಟಿಗೆ ಒಳ್ಳೆಯದಲ್ಲ. ವೆಲ್ಕ್ರೋ ಸೆರಗಿನ ಎಳೆಗಳನ್ನು ಕಿತ್ತುಹಾಕುತ್ತದೆ.

ಮಡಗಾಂವ್‌ನಿಂದ:

ಧಾರವಾಡದ ಅಕ್ಕ ಹೇಳಿದ್ದು ಸರಿ, ಆದರೆ ಪೂರ್ತಿ ಒಳಗೆ ಬಚ್ಚಿಟ್ಟರೆ ಅಪ್ಪನಿಗೆ ಸೆರಗು ಕಾಣುವುದು ಯಾವಾಗ? ನೋಟು ಇಡುವ ಜೇಬಿನ ಒಳಮೈಗೆ ಹಾಕಿ. ಪ್ರತಿ ಸಲ ನೋಟು ತೆಗೆಯುವಾಗ ಬೆರಳಿಗೆ ತಾಗುತ್ತದೆ, ಜೇಬಿನ ಉಜ್ಜಾಟವೂ ಇಲ್ಲ.

ಒಂದು ಎಚ್ಚರಿಕೆ. ಹಳೆಯ ಕೆಂಪು ಬಣ್ಣ ಬಿಡಬಹುದು. ನಮ್ಮಲ್ಲಿಯಂತೂ ಮೇ ತಿಂಗಳ ಬೆವರಿಗೇ ಬಟ್ಟೆ ನೆನೆಯುತ್ತದೆ. ಬಿಳಿ ಬಟ್ಟೆ ಒದ್ದೆ ಮಾಡಿ ಸೆರಗಿನ ಮೂಲೆಯ ಮೇಲೆ ಐದು ನಿಮಿಷ ಒತ್ತಿಡಿ. ಕೆಂಪು ಹತ್ತಿದರೆ ತಣ್ಣೀರಿನಲ್ಲಿ ಬೇರೆಯಾಗಿ ಜಾಲಿಸಿ, ನೆರಳಲ್ಲಿ ಒಣಗಿಸಿ, ನೀರು ತಿಳಿಯಾಗುವವರೆಗೂ ಹೊಲಿಯಬೇಡಿ. ಮತ್ತೆ, ಖಾಲಿ ಪಾಕೀಟು ಕೊಡಬಾರದು ಎಂದು ನಮ್ಮ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಹನ್ನೊಂದು ರೂಪಾಯಿಯಾದರೂ ಇಟ್ಟುಕೊಡಿ.

ಡೊಂಬಿವಲಿಯಿಂದ, ಹತ್ತು ದಿನದ ಮೇಲೆ:

ಎಲ್ಲರಿಗೂ ಕೈಮುಗಿಯುತ್ತೇನೆ. ಅಪ್ಪನ ಪಾಕೀಟಿನಲ್ಲಿ ನಾಲ್ಕು ಕಾರ್ಡು, ಮಂತ್ರಾಲಯದ ರಾಯರ ಒಂದು ಚಿಕ್ಕ ಪಟ ಸಿಕ್ಕಿತು. ನಾಲ್ಕೇ ಜೇಬು ಇಟ್ಟು, ಹಳೆಯ ಬೆಡ್‌ಶೀಟಿನಲ್ಲಿ 23ಕ್ಕೆ ಹನ್ನೊಂದೂವರೆ ಕತ್ತರಿಸಿ ಮೂರನೆಯದು ಹೊಲಿದೆ. ಮಡಚಿದರೆ ಮಡಚಿಕೊಂಡೇ ಇರುತ್ತದೆ. ಹೊರಗೆ ಕಂದು ಬಣ್ಣದ ದಪ್ಪ ಖಾದಿ, ನೋಟಿನ ಜೇಬಿನೊಳಗೆ ಸೆರಗು ಎಂದು ನಿಶ್ಚಯ ಮಾಡಿದ್ದೇನೆ. ರಾಯರ ಪಟಕ್ಕೆ ಬೇರೆ ಒಂದು ಪುಟ್ಟ ಜೇಬು ಕೊಡುತ್ತೇನೆ.

ಬಿಳಿ ಬಟ್ಟೆಗೆ ಕೆಂಪು ಹತ್ತಿತು. ಎರಡು ಸಲ ಜಾಲಿಸಿದ್ದೇನೆ, ಬಕೆಟಿನ ನೀರು ಈಗ ತಿಳಿ ಗುಲಾಬಿ. ನಾಳೆ ಬೆಳಿಗ್ಗೆ ಇನ್ನೊಮ್ಮೆ.