ಚಿಕ್ಕಂದಿನಲ್ಲೇ ಅಮ್ಮ (ಚಿಕನ್ ಪಾಕ್ಸ್) ಆಗಿದ್ರೂ ಸರ್ಪಸುತ್ತು ಯಾಕೆ ಬರುತ್ತೆ?

ಸೋಮವಾರಪೇಟೆ ತೋಟ:
ನಮ್ಮತ್ತೆಗೆ 67, ಕಾಫಿ ಕುಯ್ಲು ಮುಗಿಯೋ ಹೊತ್ತಿಗೆ ಸೊಂಟದ ಎಡಗಡೆ ಪಟ್ಟಿ ಥರ ನೀರ್ಗುಳ್ಳೆ ಎದ್ದು ಸರ್ಪಸುತ್ತು ಅಂದ್ರು. ಚಿಕನ್ ಪಾಕ್ಸ್ ಚಿಕ್ಕಂದಿನಲ್ಲೇ ಆಗಿತ್ತಂತೆ, ಹಂಗಿದ್ರೆ ಇಮ್ಯುನಿಟಿ ಇರ್ಬೇಕಲ್ವಾ? ಪಕ್ಕದ ಮನೆಯವ್ರು ಎರಡು ತುದಿ ಕೂಡಿದ್ರೆ ಜೀವಕ್ಕೇ ಅಪಾಯ ಅಂತ ಬೇರೆ ಹೆದರಿಸಿದಾರೆ.

ಮಡಿಕೇರಿ ಲ್ಯಾಬ್:
ತುದಿ ಕೂಡೋದೆಲ್ಲ ಸುಳ್ಳು ಬಿಡಿ. ಎರಡಕ್ಕೂ ವೈರಸ್ ಒಂದೇ, ಚಿಕನ್ ಪಾಕ್ಸ್ ವಾಸಿಯಾದ್ಮೇಲೂ ಬೆನ್ನುಹುರಿ ಪಕ್ಕದ ನರಗಂಟಲ್ಲಿ ಅಡಗಿ ಕೂತಿರುತ್ತೆ, ಅದನ್ನ ಅಲ್ಲೇ ಅದುಮಿ ಇಡೋದು ಮುಖ್ಯವಾಗಿ ರೋಗ ತಡೆಯೋ ಬಿಳಿ ರಕ್ತಕಣಗಳಾದ ಟಿ ಸೆಲ್‌ಗಳು, ಆಂಟಿಬಾಡಿ (ರಕ್ತದಲ್ಲಿ ಓಡಾಡೋ ರೋಗ ತಡೆಯೋ ಪ್ರೋಟೀನ್) ಅಲ್ಲ. ವಯಸ್ಸಾದ್ರೂ ಆಂಟಿಬಾಡಿ ಸುಮಾರಾಗಿ ಹಂಗೇ ಇರುತ್ತೆ ಆದ್ರೆ ಈ ವೈರಸ್ಸನ್ನ ಗುರುತಿಸೋ ಟಿ ಸೆಲ್ ಕಮ್ಮಿ ಆಗ್ತಾ ಬರುತ್ತೆ, ಅದಕ್ಕೇ 50 ದಾಟಿದವ್ರಿಗೆ ಜಾಸ್ತಿ. ಎಚ್‌ಐವಿ ಇರೋರು, ಕೀಮೋ, ಸ್ಟೆರಾಯ್ಡ್ ತಗೊಳ್ಳೋರಿಗೂ ಅದೇ ಕಥೆ.

ವಿರಾಜಪೇಟೆ ಮಳೆ:
ಸೊಪ್ಪಿನ ರಸ ಹಚ್ಕೊಂಡು ಕೂರ್ಬೇಡಿ ಮಾರಾಯ್ರೆ, ಗುಳ್ಳೆ ಎದ್ದ 72 ಗಂಟೆ ಒಳಗೆ ಅಸೈಕ್ಲೋವಿರ್ ಥರದ ವೈರಸ್ ತಡೆಯೋ ಮಾತ್ರೆ ಶುರು ಮಾಡಿದ್ರೆ ಒಳ್ಳೇದು. ಕಣ್ಣಿನ ಹತ್ರ ಆದ್ರಂತೂ ಅವತ್ತೇ ಓಡ್ಬೇಕು.

ಸೋಮವಾರಪೇಟೆ ತೋಟ:
ಮಾತ್ರೆ ಆಗ್ಲೇ ಶುರು ಆಗಿದೆ. ಮಾವನಿಗೆ ಲಸಿಕೆ ಏನಾದ್ರೂ ಇದ್ಯಾ?

ಮಡಿಕೇರಿ ಲ್ಯಾಬ್:
ಶಿಂಗ್ರಿಕ್ಸ್ ಅಂತ ಇದೆ, 2023ರಿಂದ ಇಂಡಿಯಾದಲ್ಲೂ ಸಿಗುತ್ತೆ, 2 ಡೋಸ್, ಮಧ್ಯೆ 2ರಿಂದ 6 ತಿಂಗಳು. ಕುಗ್ಗಿರೋ ಟಿ ಸೆಲ್‌ಗಳನ್ನೇ ಎಬ್ಬಿಸುತ್ತೆ. ರೇಟ್ ಮಾತ್ರ ಕೈ ಸುಡುತ್ತೆ, ಡಾಕ್ಟ್ರನ್ನ ಕೇಳಿ ಹಾಕಿಸಿ.