ಲೇಪವೋ ಪೊರೆಯೋ: ಲೋಹದ ರಕ್ಷಣೆಯ ಪದಗಳ ಬಗ್ಗೆ ಒಂದು ಪ್ರಶ್ನೆ

ಮಾನ್ಯರೇ,

ಹಲವು ಲೋಹಗಳ ಭಾಗಗಳನ್ನು ಕೂಡಿಸಿ ಬೇಡಿಕೆಯ ಮೇರೆಗೆ ತಯಾರಿಸಿದ ರಿವಾಲ್ವರೊಂದಕ್ಕೆ ತುಕ್ಕು ಮತ್ತು ಸವೆತಗಳಿಂದ ರಕ್ಷಣೆ ಕೊಡುವ ಬಗೆಯನ್ನು ಹೇಗೆ ಆರಿಸಬೇಕು ಎಂಬುದನ್ನು ವಿವರಿಸುವ ತಾಂತ್ರಿಕ ಬರಹವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅದರ ನಳಿಗೆ ಮತ್ತು ಸಿಲಿಂಡರು ಕಾರ್ಬನ್ ಉಕ್ಕಿನವು, ಚೌಕಟ್ಟು ಅಲ್ಯೂಮಿನಿಯಂ ಮಿಶ್ರಲೋಹದ್ದು, ಟ್ರಿಗರಿನ ಸುತ್ತಲಿನ ಬಳೆ ಹಿತ್ತಾಳೆಯದು, ತಿರುಪುಗಳು ಸ್ಟೇನ್‌ಲೆಸ್ ಸ್ಟೀಲಿನವು. ಮೊದಲ ಕರಡಿನಲ್ಲಿ ಎಲ್ಲ ಬಗೆಯ ರಕ್ಷಣೆಗೂ ‘ಲೇಪನ’ ಎಂದೇ ಬರೆದಿದ್ದೆ. ಮತ್ತೆ ಓದಿದಾಗ, ವಿಷಯದ ತಿರುಳನ್ನು ಆ ಒಂದು ಪದವೇ ಮರೆಮಾಡುತ್ತಿದೆ ಎಂಬುದು ಗೊತ್ತಾಯಿತು.

ಲೇಪಿಸುವುದೆಂದರೆ ಬಳಿಯುವುದು, ಹೊರಗಿನದೊಂದನ್ನು ತಂದು ಮೈಮೇಲೆ ಹಚ್ಚುವುದು. ನಿಕಲ್ ಅಥವಾ ಕ್ರೋಮಿಯಂ ಹೊದಿಸುವಾಗ ನಡೆಯುವುದು ಅದೇ ಆದ್ದರಿಂದ ಪಠ್ಯಪುಸ್ತಕಗಳ ‘ವಿದ್ಯುಲ್ಲೇಪನ’ ಎಂಬ ಪದದ ಬಗ್ಗೆ ನನ್ನ ತಕರಾರಿಲ್ಲ. ಪಿಂಗಾಣಿಯ ಕಣಗಳನ್ನು ಬೆರೆಸಿದ ಪಾಲಿಮರನ್ನು ಸಿಂಪಡಿಸಿ ಒಲೆಯಲ್ಲಿ ಕಾಯಿಸಿ ಗಟ್ಟಿಮಾಡುವ ಸೆರಾಕೋಟ್‌ನಂಥವೂ ಲೇಪಗಳೇ. ಆದರೆ ಬಂದೂಕಿನ ಉಕ್ಕಿಗೆ ನೀಲಿಗಪ್ಪು ಬಣ್ಣ ಬರಿಸಲು ಬಹುಕಾಲದಿಂದ ಮಾಡುತ್ತ ಬಂದಿರುವ ಬ್ಲೂಯಿಂಗ್‌ನಲ್ಲಿ ಹೊರಗಿನಿಂದ ಯಾವ ಲೋಹವನ್ನೂ ತಂದು ಹಚ್ಚುವುದಿಲ್ಲ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ದ್ರಾವಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅದರಲ್ಲಿ ಉಕ್ಕನ್ನು ಮುಳುಗಿಸಿದರೆ, ಉಕ್ಕಿನ ಹೊರಮೈಯಲ್ಲಿರುವ ಕಬ್ಬಿಣವೇ ಮ್ಯಾಗ್ನಟೈಟ್ ಎಂಬ ಕಪ್ಪು ಆಕ್ಸೈಡ್ ಆಗಿ ಮಾರ್ಪಡುತ್ತದೆ. ನಿಧಾನದ ಹಳೆಯ ವಿಧಾನವೂ ಒಂದಿದೆ: ಮೊದಲು ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ಆ ಕೆಂಪು ತುಕ್ಕನ್ನು ನೀರಿನಲ್ಲಿ ಕುದಿಸಿ ಕಪ್ಪಾಗಿಸಿ, ಸಡಿಲವಾದದ್ದನ್ನು ಉಜ್ಜಿ ತೆಗೆದು, ಇದನ್ನೇ ಹಲವು ಸಲ ಮಾಡುತ್ತಾರೆ. ಉಕ್ಕನ್ನು ತಿನ್ನುವ ತುಕ್ಕಿನಿಂದಲೇ ಉಕ್ಕನ್ನು ಕಾಯುವ ಪದರವೊಂದು ಹುಟ್ಟುವ ಈ ಕೆಲಸವನ್ನು ‘ಲೇಪನ’ ಎಂದು ಕರೆಯಲು ನನಗೆ ಮನಸ್ಸಾಗುತ್ತಿಲ್ಲ.

ಇದಕ್ಕೆ ‘ಪೊರೆ’ ಎಂಬ ಪದ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾವಿನ ಪೊರೆ ಹಾವಿನ ಮೈಯಿಂದಲೇ ಬಂದದ್ದು, ಕಣ್ಣಿನ ಪೊರೆ ಕಣ್ಣಿನಲ್ಲೇ ಬೆಳೆದದ್ದು. ಯಾರೂ ಅವನ್ನು ಬಳಿದಿರುವುದಿಲ್ಲ. ಇದಲ್ಲದೆ ‘ಪೊರೆ’ ಎಂಬುದು ಕ್ರಿಯಾಪದವಾಗಿ ಬಂದಾಗ ಕಾಪಾಡು, ಸಲಹು ಎಂಬ ಅರ್ಥವನ್ನೂ ಕೊಡುತ್ತದೆ. ಪದರ ಮತ್ತು ರಕ್ಷಣೆ ಎರಡನ್ನೂ ಒಂದೇ ಉಚ್ಚಾರಣೆಯಲ್ಲಿ ಸೂಚಿಸುವ ಇಂಥ ಪದ ನಮ್ಮಲ್ಲಿರುವಾಗ ಅದನ್ನು ಬಿಟ್ಟು, ಇಂಗ್ಲಿಷಿನ ‘ಕನ್ವರ್ಷನ್ ಕೋಟಿಂಗ್’ ಎಂಬುದಕ್ಕೆ ‘ಪರಿವರ್ತನಾ ಲೇಪನ’ ಎಂದು ಹೊಸದಾಗಿ ಕಟ್ಟಬೇಕೇ?

ಈ ವ್ಯತ್ಯಾಸ ಕೇವಲ ಪದದ ಮಟ್ಟದ್ದಲ್ಲ; ರಿವಾಲ್ವರಿಗೆ ಯಾವ ಬಗೆಯ ರಕ್ಷಣೆ ಎಂಬ ಆಯ್ಕೆಯೇ ಅದರ ಮೇಲೆ ನಿಂತಿದೆ. ಲೇಪವನ್ನು ತಕ್ಕ ಸಿದ್ಧತೆ ಮಾಡಿಕೊಂಡರೆ ಬೇರೆಬೇರೆ ಲೋಹಗಳ ಮೇಲೂ ಕೂರಿಸಬಹುದು. ಅಲ್ಯೂಮಿನಿಯಂಗೂ ಮೊದಲು ಸತುವಿನ ತೆಳುಪದರವನ್ನು ಕೊಟ್ಟು ಆಮೇಲೆ ನಿಕಲ್ ಹೊದಿಸುತ್ತಾರೆ. ಪೊರೆಯಾದರೋ ಆಯಾ ಲೋಹದ ಸ್ವಂತದ್ದು. ಉಕ್ಕಿಗೆ ನೀಲಿಗಪ್ಪು ಪೊರೆ ಕೊಡುವ ಆ ಬಿಸಿ ಕಾಸ್ಟಿಕ್ ದ್ರಾವಣದಲ್ಲಿ ಅಲ್ಯೂಮಿನಿಯಂ ಚೌಕಟ್ಟನ್ನು ಮುಳುಗಿಸಿದರೆ ಅದು ಕರಗತೊಡಗಿ ಜಲಜನಕವನ್ನು ಬಿಡುತ್ತದೆ. ಕ್ರೋಮಿಯಂ ಆಕ್ಸೈಡಿನ ರಕ್ಷಣೆ ಮೊದಲೇ ಇರುವ ಸ್ಟೇನ್‌ಲೆಸ್ ಸ್ಟೀಲು ಅದೇ ದ್ರಾವಣದಲ್ಲಿ ಸರಿಯಾಗಿ ಬಣ್ಣ ಹಿಡಿಯುವುದಿಲ್ಲ. ದಪ್ಪದ ಲೆಕ್ಕವೂ ಬೇರೆ. ಬ್ಲೂಯಿಂಗ್‌ನ ಪದರ ಒಂದೆರಡು ಮೈಕ್ರೋಮೀಟರಿನಷ್ಟು ಮಾತ್ರವಿದ್ದು ಅಳತೆಯನ್ನು ಬದಲಿಸುವುದಿಲ್ಲವೆಂದೇ ಹೇಳಬಹುದು. ಸಿಂಪಡಿಸಿದ ಲೇಪ ಸುಮಾರು 25 ಮೈಕ್ರೋಮೀಟರ್ ಇರುವುದರಿಂದ, ಸಿಲಿಂಡರು ತಿರುಗುವ ಅಚ್ಚಿನಂಥ ಬಿಗಿಯಾದ ಜಾಗಗಳಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ‘ಲೇಪ’ ಮತ್ತು ‘ಪೊರೆ’ಗಳನ್ನು ಬೇರೆಯಾಗಿ ಹೇಳಿದರೆ ಓದುಗರು ಇದನ್ನೆಲ್ಲ ತಾವೇ ಊಹಿಸಿಕೊಳ್ಳಬಲ್ಲರು.

ಆನೋಡೀಕರಣವನ್ನು ಯಾವ ಕಡೆಗೆ ಸೇರಿಸಬೇಕೆಂದು ಸ್ವಲ್ಪ ಯೋಚಿಸಬೇಕಾಯಿತು. ಅಲ್ಯೂಮಿನಿಯಂ ಅನ್ನು ಆಮ್ಲದಲ್ಲಿಟ್ಟು ವಿದ್ಯುತ್ ಹಾಯಿಸಿದಾಗ ಮೂಡುವ ಆಕ್ಸೈಡ್, ಗಡಸು ಆನೋಡೀಕರಣದಲ್ಲಿ, ಹೆಚ್ಚುಕಡಿಮೆ ಅರ್ಧದಷ್ಟು ಲೋಹದ ಒಳಕ್ಕೂ ಅರ್ಧದಷ್ಟು ಹೊರಕ್ಕೂ ಬೆಳೆಯುತ್ತದೆ. ಅಳತೆ ಹೆಚ್ಚಿದರೂ ಅದು ಒಳಗಿನಿಂದ ಬೆಳೆದದ್ದಾದ್ದರಿಂದ ಪೊರೆಯೇ ಎಂದು ತೀರ್ಮಾನಿಸಿದ್ದೇನೆ.

ಬಳಕೆಯಲ್ಲಿರುವ ಬೇರೆ ಪದಗಳನ್ನೂ ನೋಡಿದೆ. ‘ಕಲಾಯಿ’ ಎಂದೊಡನೆ ತವರ ನೆನಪಾಗುತ್ತದೆ. ‘ಗಿಲೀಟು’ ಪದಕ್ಕೆ ನಕಲಿ ಎಂಬ ಧ್ವನಿ ಅಂಟಿಕೊಂಡಿದೆ. ಎಲ್ಲ ಬಗೆಗಳನ್ನೂ ಒಳಗೊಳ್ಳುವ ‘ಫಿನಿಶ್’ ಎಂಬ ಮಾತಿಗೆ ‘ಹೊಳಪು’ ಸಲ್ಲದು, ಏಕೆಂದರೆ ಬೆಳಕು ಪ್ರತಿಫಲಿಸದಂಥ ಮಂದವಾದ ಮೈಯೂ ಒಂದು ಫಿನಿಶ್ಶೇ. ‘ಒಪ್ಪ’ ಎಂಬುದು ಉಜ್ಜಿ ನುಣುಪಾಗಿಸುವುದನ್ನೂ ಅಚ್ಚುಕಟ್ಟನ್ನೂ ಹೇಳುವ ಹಳೆಯ ಪದ, ನನಗೆ ಪ್ರಿಯವಾದದ್ದು. ಆದರೆ ಬ್ಲೂಯಿಂಗ್‌ಗೆ ಮುಂಚೆ ಉಕ್ಕನ್ನು ಉಜ್ಜಿ ಸಿದ್ಧಪಡಿಸುವ ಹಂತಕ್ಕೆ ಅದು ಬೇಕಾಗಿದೆ, ಏಕೆಂದರೆ ಕೊನೆಯಲ್ಲಿ ಕಾಣುವ ಕಾಂತಿಗೆ ಆ ಹಂತವೇ ಕಾರಣ. ಆದ್ದರಿಂದ ‘ಫಿನಿಶ್’ ಎಂಬುದನ್ನು ಸದ್ಯಕ್ಕೆ ಹಾಗೆಯೇ ಉಳಿಸಿಕೊಂಡಿದ್ದೇನೆ.

ಹಾಳಾಗುವುದನ್ನು ಹೇಳುವಾಗ ಮಾತ್ರ ಕನ್ನಡ ಲೋಹವನ್ನು ನೋಡಿ ಮಾತನಾಡುತ್ತದೆ: ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಕಿಲುಬು. ಹಲವು ಲೋಹಗಳನ್ನು ಕೂಡಿಸಿದ ವಸ್ತುವಿನ ಬಗ್ಗೆ ಬರೆಯುವವರಿಗೆ ಇದು ದೊಡ್ಡ ಅನುಕೂಲ.

ಈಗ ನನ್ನ ಪ್ರಶ್ನೆ ಕ್ರಿಯಾಪದದ್ದು. ಕೆನೆಗಟ್ಟು, ಪಾಚಿಗಟ್ಟು ಎಂಬ ಮಾದರಿಯಲ್ಲಿ ಬ್ಲೂಯಿಂಗ್‌ಗೆ ‘ನೀಲಿಗಟ್ಟಿಸು’ ಎನ್ನಬಹುದೆಂದುಕೊಂಡಿದ್ದೇನೆ. ಪದರವು ತಾನಾಗಿ ಮೂಡುತ್ತದೆ ಎಂಬ ಭಾವ ಅದರಲ್ಲಿದೆ. ಆದರೆ ಪೆಟ್ಟು ಬಿದ್ದ ಮೈ ನೀಲಿಗಟ್ಟುವುದು ಓದುಗರ ನೆನಪಿಗೆ ಮೊದಲು ಬರುವುದಾದರೆ ‘ಕಪ್ಪುಗಟ್ಟಿಸು’ ಲೇಸೇ, ಅಥವಾ ನೇರವಾಗಿ ‘ನೀಲಿಪೊರೆ ಬರಿಸು’ ಎಂದೇ ಬರೆಯಬೇಕೇ? ಕಮ್ಮಾರಿಕೆ ಅಥವಾ ಯಂತ್ರದ ಕೆಲಸ ಮಾಡುವವರ ಬಾಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ ಅದನ್ನು ತಿಳಿಯುವುದು ನನಗೆ ಇನ್ನೂ ಹೆಚ್ಚು ಬೇಕಾಗಿದೆ.