ಪಬ್ಲಿಕ್ ಕೀಗೆ ‘ಸಾರ್ವಜನಿಕ ಕೀಲಿ’ ಸರಿಯಾ?

ಗೆಳೆಯರೇ,

ಸರ್ಕಾರಿ ಟೆಂಡರ್ ಹಾಕುವ ಸಣ್ಣ ಗುತ್ತಿಗೆದಾರರಿಗಾಗಿ ಡಿಜಿಟಲ್ ಸಹಿಯ ಬಗ್ಗೆ ಎರಡು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಇದರಲ್ಲಿ ಜೋಡಿಯಾಗಿ ಬರುವ ಎರಡು ಗಣಿತದ ‘ಕೀ’ಗಳಿರುತ್ತವೆ. ಎಲ್ಲರಿಗೂ ಹಂಚುವ ಪಬ್ಲಿಕ್ ಕೀಗೆ ‘ಸಾರ್ವಜನಿಕ ಕೀಲಿ’, ತನ್ನ ಹತ್ತಿರವೇ ಇಟ್ಟುಕೊಳ್ಳುವ ಪ್ರೈವೇಟ್ ಕೀಗೆ ‘ಖಾಸಗಿ ಕೀಲಿ’ ಎಂದು ಹಾಕಿದ್ದೆ. ಕರಡು ಓದಿದ ಗುತ್ತಿಗೆದಾರರೊಬ್ಬರು ಕೇಳಿದರು: “ಸಾರ್ವಜನಿಕ ಅಂದ್ರೆ ಸರ್ಕಾರದ್ದು, ಖಾಸಗಿ ಅಂದ್ರೆ ಪ್ರೈವೇಟ್ ಕಂಪನಿದಾ ಸರ್?” ತಪ್ಪು ಅವರದ್ದಲ್ಲ. ಖಾಸಗಿ ಬಸ್ಸು, ಸಾರ್ವಜನಿಕ ಆಸ್ಪತ್ರೆ ಎಂದು ದಿನಾ ಕೇಳುವವರಿಗೆ ಹಾಗೇ ಹೊಳೆಯುತ್ತದೆ, ಅಲ್ವಾ?

‘ಕೀಲಿ’ಯಲ್ಲೂ ತೊಡಕಿದೆ. ಮೈಸೂರು ಕಡೆ ಬೀಗ, ಬೀಗದಕೈ. ಧಾರವಾಡದ ಕಡೆ ‘ಮನೀಗೆ ಕೀಲಿ ಹಾಕು’ ಅಂದರೆ ಬೀಗ ಹಾಕು ಅಂತ. ತೆಗೆಯುವುದು ಕೀಲಿಕೈ. ಟೆಂಡರಿನ ಮಟ್ಟಿಗೆ ನನಗೆ ಧಾರವಾಡದ ಮಾತೇ ಹೆಚ್ಚು ಒಪ್ಪಿಗೆಯಾಯಿತು. ತೆರೆಯುವ ಅಧಿಕಾರಿಯ ಪಬ್ಲಿಕ್ ಕೀ ಬಳಸಿ ನಮ್ಮ ದರಪಟ್ಟಿ ಮುಚ್ಚುತ್ತೇವೆ. ಅವರು ಊರಿಗೆಲ್ಲ ಹಂಚಿದ ಕೀಲಿ ಅದು, ಯಾರು ಬೇಕಾದರೂ ಒತ್ತಿ ಹಾಕಬಹುದು. ತೆಗೆಯುವ ಕೀಲಿಕೈ ಮಾತ್ರ ಅವರ ಹತ್ತಿರವೇ.

ಆದರೆ ಸಹಿಗೆ ಬಂದರೆ ಈ ಹೋಲಿಕೆ ನಿಲ್ಲುವುದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಪ್ರೈವೇಟ್ ಕೀ ಅಂದರೆ ಡಿಜಿಟಲ್ ಸಹಿ ಮಾಡುವುದು, ಪಬ್ಲಿಕ್ ಕೀ ಅಂದರೆ ಆ ಸಹಿಯನ್ನು ತಾಳೆ ನೋಡುವುದು ಎನ್ನುತ್ತದೆ. ಅಲ್ಲಿ ಬೀಗದ ಮಾತೇ ಇಲ್ಲ. ಹಾಗಾಗಿ ಸಹಿಯ ಭಾಗಕ್ಕೆ ‘ಮುದ್ರೆ’ ಹೇಗೆ ಎಂದು ಯೋಚಿಸುತ್ತಿದ್ದೇನೆ. ಚಾಲುಕ್ಯರ ತಾಮ್ರಪಟದ ಬಳೆಯ ಮೇಲೆ ವರಾಹ ಮುದ್ರೆ ಇರುತ್ತಿತ್ತು. ಅಚ್ಚು ಅರಮನೆಯಲ್ಲಿ, ಗುರುತು ಎಲ್ಲರಿಗೂ ಗೊತ್ತು. ಪ್ರೈವೇಟ್ ಕೀ ಆ ಅಚ್ಚಿನ ಹಾಗೆ.

ಈ ಕೀಗಳನ್ನು ನಡೆಸುವ ಏರ್ಪಾಡಿಗೆ ‘ಪಬ್ಲಿಕ್ ಕೀ ಇನ್‌ಫ್ರಾಸ್ಟ್ರಕ್ಚರ್’ ಎನ್ನುತ್ತಾರೆ. ಅಲ್ಲಿನ ‘ಇನ್‌ಫ್ರಾಸ್ಟ್ರಕ್ಚರ್’ಗೆ ‘ಮೂಲಸೌಕರ್ಯ’ ಬೇಡ, ರಸ್ತೆ ಚರಂಡಿ ನೆನಪಾಗುತ್ತದೆ. ಸುಮ್ನೆ ‘ವ್ಯವಸ್ಥೆ’ ಸಾಕು.

ಪದಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವುದಕ್ಕೆ ಕಾರಣ ಇದೆ. ನನ್ನ ಪರಿಚಯದವರೊಬ್ಬರು ಡಿಎಸ್‌ಸಿ ಟೋಕನ್ನನ್ನು, ಅಂದರೆ ಡಿಜಿಟಲ್ ಸಹಿಯ ಪ್ರೈವೇಟ್ ಕೀ ಇರುವ ಪೆನ್‌ಡ್ರೈವ್‌ನಂಥ ಸಾಧನವನ್ನು, ಒಂದು ಅಂಗಡಿಯಲ್ಲೇ ಬಿಟ್ಟಿದ್ದರು. ಪಿನ್ ಬರೆದ ಚೀಟಿಯನ್ನು ರಬ್ಬರ್ ಬ್ಯಾಂಡಿನಲ್ಲಿ ಅದಕ್ಕೇ ಸುತ್ತಿತ್ತು. ಅವರಿಗೆ ಗೊತ್ತಿಲ್ಲದೆ ಒಂದು ಬಿಡ್ ಅವರ ಸಹಿಯಲ್ಲಿ ಹೋಗಿತ್ತು. ಆ ಟೋಕನ್ನಿನಿಂದ ಹಾಕುವ ಸಹಿ ತನ್ನ ಕೈಬರಹದ ಸಹಿಗೆ ಸಮ ಎಂದು ‘ಖಾಸಗಿ ಕೀಲಿ’ ಎಂಬ ಪದ ಅವರಿಗೆ ಹೇಳಲೇ ಇಲ್ಲ. ‘ಗುಟ್ಟಿನ ಕೀಲಿ’ ಅಂದಿದ್ದರೆ ಕೊಡುವ ಮುಂಚೆ ಒಮ್ಮೆ ಯೋಚಿಸುತ್ತಿದ್ದರೇನೋ.

ಸದ್ಯಕ್ಕೆ ‘ಬಹಿರಂಗ ಕೀಲಿ’, ‘ಗುಟ್ಟಿನ ಕೀಲಿ’ ಎಂದು ತಿದ್ದಿದ್ದೇನೆ. ಕೀಲಿ ಅಂದರೆ ಬೀಗ ಎನ್ನುವ ಕಡೆಯವರಿಗೆ ‘ಗುಟ್ಟಿನ ಕೀಲಿ’ ಹೇಗೆ ಕೇಳಿಸುತ್ತದೆ? ಸಹಿಗೂ ಬೀಗಕ್ಕೂ ಒಗ್ಗುವ ಒಂದೇ ಜೋಡಿ ಪದ ನಿಮ್ಮ ಕಡೆ ಇದ್ದರೆ ದಯವಿಟ್ಟು ತಿಳಿಸಿ.